ಬೀಗರ ಸಮುದ್ರ, ನನ್ನ ನದಿ

ನಮ್ಮ ಮನೆಯೊಳಗೆ ಇದುವರೆಗೆ ಬಂದ ತತ್ತಿ ಎಂದರೆ ಹಲ್ಲಿಯದೊಂದೇ. ಅದನ್ನೂ ನನ್ನ ಹೆಂಡತಿ ಕಸಬರಿಗೆಯಿಂದ ಮುಟ್ಟದೆ, ಹಳೆಯ ರಟ್ಟಿನ ತುಂಡಿನಿಂದ ಎತ್ತಿ ಹಿತ್ತಲಿಗೆ ಬಿಟ್ಟು ಬರುತ್ತಾಳೆ. ಇಂಥ ಮನೆಯ ಯಜಮಾನನಾದ ನಾನು ಈ ಮೇ ತಿಂಗಳಲ್ಲಿ ಒಂದು ಮುಂಜಾನೆ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಪ್ಪಾಣಿಯ ಮೀನಿನ ಪೇಟೆಯಲ್ಲಿ ನಿಂತಿದ್ದೆ. ಇದಕ್ಕೆಲ್ಲ ಕಾರಣ ನಮ್ಮ ಬೀಗರು.

ಬೀಗರೆಂದರೆ ಮಗಳ ಮಾವ, ಕೊಲ್ಲಾಪುರದವರು, ಮೀನು ತಿನ್ನುವ ಮನೆತನ. ಅವರ ಮೇಲೆ ನನ್ನದೊಂದು ದೂರಿದೆ: ಅವರು ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ನಾಲ್ಕು ಮಂದಿಯ ಮುಂದೆ ಬೈದುಕೊಂಡು ಹಗುರಾಗಬಹುದಿತ್ತು. ಈ ಮನುಷ್ಯ ನಕ್ಕರೆ ಎದುರಿಗಿದ್ದವರಿಗೂ ನಗು ಬರುತ್ತದೆ, ಮೊಮ್ಮಕ್ಕಳ ಸಂಗಡ ಕುಣಿಯುತ್ತಾರೆ, ಗಾಳಿಪಟ ಹಾರಿಸುತ್ತಾರೆ. ಮೇಲಾಗಿ ಅವರ ತಂಗಿಯ ಮನೆ ಮಾಲವಣದಲ್ಲಿ, ಸಮುದ್ರದ ದಂಡೆಯ ಮೇಲಿದೆ. ಸಮುದ್ರವನ್ನೇ ಬಗಲಲ್ಲಿ ಇಟ್ಟುಕೊಂಡ ಬೀಗರ ಮುಂದೆ ನಾನು ಏನು ತೋರಿಸಲಿ? ಕಬ್ಬು? ಅದನ್ನು ಮಕ್ಕಳು ನೋಡಿ ನೋಡಿ ಬೇಸತ್ತಿದ್ದಾರೆ.

ನಮ್ಮದು ಚಿಕ್ಕೋಡಿ ತಾಲೂಕು, ಕೃಷ್ಣೆಯ ದಂಡೆಯ ಹಳ್ಳಿ. ಪ್ರತಿ ವರ್ಷ ಶಾಲೆಗೆ ಸೂಟಿ ಬಿಟ್ಟ ಕೂಡಲೇ ಮೊಮ್ಮಕ್ಕಳು ಬರುತ್ತಾರೆ. ಹಿರಿಯವಳು ಮೊಮ್ಮಗಳು, ಶಾಲೆಯಲ್ಲಿ ಆರನೆಯ ಇಯತ್ತೆ, ಮಾತು ಕಡಿಮೆ, ಕಣ್ಣು ಚುರುಕು. ಕಿರಿಯವನು ಮೊಮ್ಮಗ, ಎರಡನೆಯ ಇಯತ್ತೆ, ಅವನದು ಬರೀ ಬಾಯಿ. ಅವರು ಬರುವ ಹೊತ್ತಿಗೆಂದು ನಾನು ಹುಲ್ಲಿನಲ್ಲಿ ಮಾವಿನಕಾಯಿ ಅಡಿ ಹಾಕಿ, ದಿನಾ ಮೂಸಿ ನೋಡಿ ಕಾಯುತ್ತೇನೆ. ಈ ಸಲ ಮೊಮ್ಮಗ ಬಂದವನೇ ಚಪ್ಪಲಿ ಕೂಡ ಬಿಡದೆ ಹೇಳಿದ್ದೇನು?

"ಅಜ್ಜಾ, ನಾವು ಆದಿತ್ಯವಾರ ಹೋಗ್ತೀವಿ. ಆಜೋಬಾ ಕಾರ್ ತಗೊಂಡ ಬರ್ತಾರ. ಮಾಲವಣಕ್ಕ ಹೋಗಿ ದೋಣ್ಯಾಗ ಕುಂತ ಮೀನ ಹಿಡೀತೀವಿ. ಶಾಳಿ ಸುರು ಆಗೂತನಕ ಅಲ್ಲೇ!"

ಆಜೋಬಾ ಎಂದರೆ ಮರಾಠಿಯಲ್ಲಿ ಅಜ್ಜ, ಅಂದರೆ ನಮ್ಮ ಬೀಗರು. ಮಾವಿನಕಾಯಿ ಇನ್ನೂ ಅರ್ಧ ಹಸಿರಾಗಿದ್ದವು. ಇಡೀ ವರ್ಷ ನಾನು ಕಾಯುವುದು ಈ ಒಂದು ತಿಂಗಳನ್ನು. ಉಳಿದ ದಿನ ನಮ್ಮ ಮನೆಯಲ್ಲಿ ಜೋರಾಗಿ ಮಾತಾಡುವುದು ಟಿ.ವಿ. ಒಂದೇ. ಸಂಕಟವಾಯಿತು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನಗೆ ಸಂಕಟವಾದರೆ ಮೊದಲು ಬರುವುದು ಸಿಟ್ಟು.

"ಮೀನ ಹಿಡಿಯಾಕ ಅಷ್ಟ ದೂರ ಯಾಕ ಹೋಗಬೇಕ? ನಮ್ಮ ಕೃಷ್ಣಾದಾಗ ಏನ್ ಮೀನ ಇಲ್ಲ? ನಾ ಕರಕೊಂಡ ಹೋಗ್ತೀನಿ!" ಎಂದುಬಿಟ್ಟೆ.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮೊಮ್ಮಗಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಜ್ಜಾ, ನೀ ಮೀನ ನೋಡೀಯೇನು?"

"ನೋಡಲಾರದ ಏನು!" ಎಂದೆ. ನೋಡಿದ್ದೆ, ಬ್ಯಾಂಕಿನ ಗಾಜಿನ ಪೆಟ್ಟಿಗೆಯಲ್ಲಿ.

"ಆತು," ಎಂದಳು ಅವಳು. "ಮೀನ ಸಿಕ್ಕರ ಇಲ್ಲೇ ಇರ್ತೀವಿ. ಸಿಗಲಿಲ್ಲಂದ್ರ ಮಾಲವಣ." ತಮ್ಮನೂ ತಲೆಯಾಡಿಸಿದ. ನಾನು ಹೂಂ ಎಂದೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಆಗದ ತೀರ್ಮಾನ ನಮ್ಮ ಪಡಸಾಲೆಯಲ್ಲಿ ಆಗಿಹೋಯಿತು.

ನಮ್ಮ ಕಡೆ ಒಬ್ಬ ದೋಣಿಯವನಿದ್ದಾನೆ. ಸೇತುವೆ ಆದಮೇಲೆ ದಾಟುವ ಮಂದಿ ಇಲ್ಲದಾಗಿ ಅವನ ದೋಣಿ ದಂಡೆಯ ಮೇಲೆ ಮಗುಚಿ ಬಿದ್ದಿತ್ತು. ಈಚೆಗೆ ಅದಕ್ಕೆ ನೀಲಿ ಬಣ್ಣ ಬಳಿದು, ಪಟ್ಟಣದ ಮಂದಿಯನ್ನು ಮೀನು ಹಿಡಿಯಲು ಕರೆದೊಯ್ಯುತ್ತಾನೆ. ಕರಿ ಕನ್ನಡಕ, ಕೊರಳಲ್ಲಿ ಸೀಟಿ, ತಲೆಗೆ ಟೋಪಿ. ತನ್ನನ್ನು ಗೈಡ್ ಎಂದೇ ಕರೆಯಬೇಕು ಎನ್ನುತ್ತಾನೆ. ನಾನು ಹೋಗಿ ವಿಷಯ ತಿಳಿಸಿದಾಗ ಕನ್ನಡಕ ತೆಗೆದು ನನ್ನ ಮುಖ ನೋಡಿದ.

"ಸಾವ್ಕಾರ್ರ, ನೀವು? ಮೀನ?"

"ಯಾಕ, ನಾ ಹಿಡೀಬಾರದು ಅಂತ ಬೋರ್ಡ ಹಾಕೀಯೇನು?"

"ಹಂಗಲ್ರಿ. ಶನಿವಾರ ಬರ್ರಿ. ಬ್ಯಾರೇಜಿನ ಹಿನ್ನೀರಾಗ ಹೋಗೂಣು. ಖರೆ, ಮೀನ ಸಿಕ್ಕಽ ಸಿಗತಾವ ಅಂತ ನಾ ಹೇಳೂದಿಲ್ರಿ. ಅದು ಮೀನಿನ ಮನಸ್ಸು."

ಮೀನಿನ ಮನಸ್ಸಿನ ಮೇಲೆ ನನ್ನ ಬೇಸಿಗೆಯನ್ನು ಬಿಡುವುದು ನನಗೆ ಸರಿ ಕಾಣಲಿಲ್ಲ. ದ್ರಾಕ್ಷಿ ಬೆಳೆಯುವವನು ಮಳೆಯ ಮನಸ್ಸನ್ನು ನಂಬಿ ಕೂರುತ್ತಾನೆಯೇ? ಪ್ಲಾಸ್ಟಿಕ್ ಹೊದಿಸುತ್ತಾನೆ. ನಾನೂ ಹಾಗೆಯೇ ಒಂದು ವ್ಯವಸ್ಥೆ ಮಾಡಿಡೋಣ ಎಂದುಕೊಂಡೆ. ಒಂದು ಮೀನನ್ನು ಕೊಂಡು ತಂದು ದೋಣಿಯವನ ಕೈಯಲ್ಲಿ ಕೊಟ್ಟಿರುವುದು. ಏನೂ ಸಿಗದಿದ್ದರೆ ಅವನು ಅದನ್ನು ಮೆಲ್ಲಗೆ ಹುಡುಗನ ಗಾಳಕ್ಕೆ ಸಿಕ್ಕಿಸುವುದು. ಯೋಚನೆ ಹೊಳೆದಾಗ ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಎಂದೆ.

ಕೊಳ್ಳುವುದೆಲ್ಲಿ ಎಂಬುದೇ ತೊಡಕು. ಚಿಕ್ಕೋಡಿಯಲ್ಲಿ ಕೊಂಡರೆ ನಾನು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟುತ್ತದೆ. ಕರೋಶಿಯಲ್ಲಿ ಹೆಂಡತಿಯ ಅಣ್ಣನಿದ್ದಾನೆ, ರಾಯಬಾಗದಲ್ಲಿ ನನ್ನ ಅಕ್ಕ. ಅದಕ್ಕೇ ಶುಕ್ರವಾರ ಮೋಟರ್‌ಸೈಕಲ್ ಹತ್ತಿ, ಗೊಬ್ಬರ ತರುತ್ತೇನೆಂದು ಹೇಳಿ ನಿಪ್ಪಾಣಿಗೆ ಹೋದೆ. ಮೀನಿನ ಪೇಟೆಯಲ್ಲಿ ಟವೆಲ್ ಸುತ್ತಿಕೊಂಡವನು ನಾನೊಬ್ಬನೇ ಇರಬಹುದೆಂದು ತಿಳಿದಿದ್ದೆ. ಆಚೆ ತುದಿಯಲ್ಲಿ ಇನ್ನೊಬ್ಬರಿದ್ದರು. ನಡಿಗೆ ನೋಡಿ ಗುರುತು ಹತ್ತಿತು. ನಮ್ಮ ಪೈಕಿಯೇ ದೊಡ್ಡ ಮನುಷ್ಯರು, ಮದುವೆ ಪಂಕ್ತಿಯಲ್ಲಿ ಉಳ್ಳಾಗಡ್ಡಿಯನ್ನೂ ಬದಿಗೆ ಸರಿಸುವಂಥವರು. ಅವರಿಗೂ ನನ್ನ ಗುರುತು ಹತ್ತಿರಬೇಕು. ಇಬ್ಬರೂ ಟವೆಲ್ಲನ್ನು ಇನ್ನೊಂದು ಸುತ್ತು ಬಿಗಿದುಕೊಂಡೆವು.

ಮೀನು ಮಾರುವ ಹೆಂಗಸು ಮರಾಠಿಯಲ್ಲಿ, ಸಾರಿಗೋ ಹುರಿಯುವುದಕ್ಕೋ ಎಂದು ಕೇಳಿದಳು. ಎರಡಕ್ಕೂ ಅಲ್ಲ ಎಂದರೆ ಹುಚ್ಚನೆಂದುಕೊಂಡಾಳು. "ನೋಡಲು ಚೆಂದ ಇರಬೇಕು, ಅಷ್ಟೇ," ಎಂದೆ. ಅವಳ ಮುಂದೆ ಕರ್ರಗೆ ಮೀಸೆ ಬಿಟ್ಟುಕೊಂಡು ಲೋಳೆ ಲೋಳೆಯಾದ ಕೆಲವು ಬಿದ್ದಿದ್ದವು. ಅವನ್ನು ನೋಡಿದವನೇ ಮುಖ ತಿರುಗಿಸಿದೆ. ಪಕ್ಕದಲ್ಲಿ ಒಂದಿತ್ತು ನೋಡಿ: ಬೆಳ್ಳಿಯ ತಾಟಿನಂತೆ ಅಗಲ, ತೆಳ್ಳಗೆ, ಫಳಫಳ ಹೊಳೆಯುತ್ತಿತ್ತು. ಕನ್ಯೆ ನೋಡಲು ಹೋದವನಂತೆ ಮುಖ ನೋಡಿ ಒಪ್ಪಿಬಿಟ್ಟೆ. ಅದರ ಹೆಸರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಮಟ್ಟಿಗೆ ಮೀನೆಂದರೆ ಮೀನು, ನೀರೆಂದರೆ ನೀರು.

ಐಸು ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ಅದನ್ನಿಟ್ಟು, ಗೊಬ್ಬರದ ಚೀಲದಲ್ಲಿ ಸುತ್ತಿ, ನೇರ ದೋಣಿಯವನ ಮನೆಗೆ ಒಯ್ದೆ. ಅವನು ಬಿಚ್ಚಿ ನೋಡಲು ಹೋದ.

"ತಗೀಬ್ಯಾಡ, ಐಸ್ ಕರಗತೈತಿ! ನಾ ಕಣ್ಣಸನ್ನಿ ಮಾಡಿದಾಗ ತಗದು ಗಾಳಕ್ಕ ಹಾಕು. ಬಾಯಿ ಮುಚ್ಚಕೊಂಡ ಹಾಕು," ಎಂದು ಗದರಿಸಿ ಬಂದೆ.

ಶನಿವಾರ ಬೆಳಗಾಗುವಷ್ಟರಲ್ಲಿ ಹೆಂಡತಿಯೂ ಇಳಕಲ್ ಸೀರೆ ಉಟ್ಟು ಸಿದ್ಧಳಾಗಿದ್ದಳು. "ಹೊಳೀಗೆ ಹೋಗೂದಂದ ಮ್ಯಾಲ ಗಂಗವ್ವಗ ಉಡಿ ತುಂಬಲಾರದ ಹೆಂಗ ಇಳೀತೀರಿ?" ಎಂದಳು. ಕುಪ್ಪಸದ ಕಣ, ಕಾಯಿ, ಬಳೆ, ಅರಿಷಿಣ ಕುಂಕುಮ, ಜೊತೆಗೆ ಹೂರಣದ ಹೋಳಿಗೆಯ ಬುಟ್ಟಿ, ಮೊಸರನ್ನದ ಪಾತೇಲಿ. ಈ ಬುತ್ತಿ ನಮಗೆ ಎಂದುಕೊಂಡಿದ್ದೆ.

ದೋಣಿ ಏರುವ ಮುಂಚೆ ದೋಣಿಯವನು ಸೀಟಿ ಊದಿ ಭಾಷಣ ಮಾಡಿದ. ಕಿತ್ತಳೆ ಬಣ್ಣದ ಜಾಕೀಟು ಎಲ್ಲರೂ ತೊಡಬೇಕು, ನಿಲ್ಲಬಾರದು, ಕೂಗಬಾರದು. ಹೆಂಡತಿ ಇಳಕಲ್ ಸೀರೆಯ ಮೇಲೆ ಜಾಕೀಟು ತೊಟ್ಟು, ಅದರ ಮೇಲೆ ಸೆರಗು ಹೊದ್ದಳು. ಮೊಮ್ಮಗ ಬಿದ್ದು ಬಿದ್ದು ನಕ್ಕ. ನಡುನೀರಿಗೆ ಹೋದಮೇಲೆ ದೋಣಿಯವನು ಗೋಧಿಹಿಟ್ಟಿನ ಕಣಕದ ಸಣ್ಣ ಸಣ್ಣ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿ, ಬೆಂಡು ಮುಳುಗಿತೆಂದರೆ ಮೀನು ಕಚ್ಚಿತೆಂದು ತಿಳಿಯಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟ. ಆಗ ಹೆಂಡತಿ ಬಾಯಿ ತೆರೆದಳು.

"ಹಿಟ್ಟ ಯಾಕ ಹಚ್ಚತಿಯಪಾ?"

"ತಿನ್ನಾಕ ಬರ್ತಾವ್ರಿ ಅಮ್ಮಾರ. ಬಂದಾಗ ಗಾಳ ಗಂಟಲಾಗ ಸಿಗತೈತಿ."

"ಅಯ್ಯ ಶಿವನ! ಉಣ್ಣಾಕ ಕರದು ಗಂಟಲಕ್ಕ ಮುಳ್ಳ ಹಾಕೂದು ಯಾವ ಊರ ಪದ್ಧತೀಪಾ ಇದು? ಹಸದು ಬಂದಿದ್ದಕ್ಕ!" ಎಂದು ಅವಳು ನನ್ನ ಕಡೆ ತಿರುಗಿದಳು, ಪದ್ಧತಿಯನ್ನು ನಾನೇ ತಂದವನಂತೆ. ನಾನು ಏನಾದರೂ ಹೇಳುವುದರೊಳಗೆ ಉಡಿಯ ಸಾಮಾನು ನೀರಿಗೆ ಬಿಟ್ಟು ಕೈ ಮುಗಿದಳು. ಆಮೇಲೆ ಪಾತೇಲಿಯ ಮೊಸರನ್ನವನ್ನೆಲ್ಲ ದೋಣಿಯ ಸುತ್ತ ಚೆಲ್ಲಿದಳು. ಹೋಳಿಗೆಯನ್ನು ಮುರಿದು ಮುರಿದು, "ಉಣ್ರೆವ್ವಾ, ಹೊಟ್ಟಿ ತುಂಬ ಉಣ್ರಿ" ಎನ್ನುತ್ತ ಎಸೆದಳು. ನಮ್ಮ ಬುತ್ತಿ ಮುಗಿಯಿತು. ಬುಳುಬುಳು ಎಂದು ನೂರಾರು ಬಾಯಿ ನೀರ ಮೇಲೆ ಬಂದವು. ಮಕ್ಕಳು ಹೋ ಎಂದು ಕೂಗಿದರು.

ದೋಣಿಯವನು ತಲೆಯ ಮೇಲಿನ ಟೋಪಿ ತೆಗೆದ. "ಅಮ್ಮಾರ, ಇನ್ನ ಸಂಜೀತನಕ ಒಂದೂ ಗಾಳ ಮುಟ್ಟೂದಿಲ್ರಿ. ಹೋಳಿಗಿ ಉಂಡಾವ, ಮಲಗಾಕ ಹೋಗ್ಯಾವ."

ಅವನು ಹೇಳಿದಂತೆಯೇ ಆಯಿತು. ಬಿಸಿಲು ಏರಿತು. ಬೆಂಡುಗಳು ನೀರ ಮೇಲೆ ತೂಕಡಿಸಿದವು. ಹೊಟ್ಟೆಗೆ ಇಲ್ಲದೆ ನಾವೂ ತೂಕಡಿಸಿದೆವು. ಆಗಲೇ ಹೆಂಡತಿಯ ಮಡಿಲಲ್ಲಿದ್ದ ನನ್ನ ಫೋನು ರಿಂಗಾಯಿತು, ಬೀಗರದು. ನಾಳೆ ಬೆಳಿಗ್ಗೆ ಬೇಗ ಹೊರಡುತ್ತೇನೆ, ಗಡಿಯ ಕೊಗನೊಳ್ಳಿ ದಾಟಿದ ಕೂಡಲೇ ಫೋನು ಮಾಡುತ್ತೇನೆ, ಮಕ್ಕಳ ಬ್ಯಾಗು ತಯಾರಿರಲಿ ಎಂದರು. ಮೊಮ್ಮಗ ಕೋಲನ್ನು ದೋಣಿಯ ಅಂಚಿಗೆ ಒರಗಿಸಿ, "ಅಕ್ಕಾ, ಮಾಲವಣದಾಗ ಮೀನ ಲಗೂನ ಸಿಗತಾವಂತ," ಎಂದ. ಅವಳು ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಕನಿಕರವಿತ್ತು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ದೋಣಿಯವನಿಗೆ ಕಣ್ಸನ್ನೆ ಮಾಡಿದೆ. ಅವನು ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನೋಡಿ, ನನ್ನನ್ನು ನೋಡಿ, ಮತ್ತೆ ಒಳಗೆ ನೋಡಿದ.

"ಸಾವ್ಕಾರ್ರ, ಇದು..." ಎಂದ ಮೆಲ್ಲಗೆ.

"ಹಾಕು," ಎಂದೆ ಹಲ್ಲು ಕಚ್ಚಿ.

"ಅಲ್ರಿ, ಒಂದ ಮಾತ ಕೇಳ್ರಿ..."

"ಹಾಕಂದ್ರ ಹಾಕೋ ಮಾರಾಯಾ!" ಎಂದವನೇ ಮಕ್ಕಳ ಗಮನ ಬೇರೆ ಕಡೆ ಸೆಳೆಯಲು ಆಚೆಯ ದಂಡೆ ತೋರಿಸಿ, "ಅಲ್ಲಿ ನೋಡ್ರಿ, ಮೊಸಳಿ!" ಎಂದು ಕೂಗಿದೆ.

ಮಕ್ಕಳು ತಿರುಗಿದರು. ಹೆಂಡತಿ ಮಾತ್ರ ಚೀರಿ ನನ್ನ ಕೊರಳಿಗೇ ಜೋತುಬಿದ್ದಳು. ಮದುವೆಯಾದಾಗಿನಿಂದ ಮಂದಿಯ ಮುಂದೆ ಅವಳು ಹಾಗೆ ಹಿಡಿದದ್ದು ಅದೊಂದೇ ಸಲ. ದೋಣಿ ತೂಗಾಡಿತು, ದೋಣಿಯವನ ಸೀಟಿ ಕೂಗಿತು, ಆ ಗದ್ದಲದಲ್ಲಿ ಕೆಲಸ ಆಗಿಹೋಯಿತು. ಮೊಮ್ಮಗನ ಬೆಂಡು ಗುಳುಂ ಎಂದು ಮುಳುಗಿತು.

"ಸಿಕ್ತು! ಸಿಕ್ತು!" ಹುಡುಗ ಎಳೆದ ರಭಸಕ್ಕೆ ಮೀನು ಹಾರಿ ದೋಣಿಯ ನಡುವೆ ಬಿತ್ತು. ಬಿದ್ದ ಸದ್ದು ಮಾತ್ರ ಹಂಚು ಬಿದ್ದಂತಿತ್ತು. ಮಿಸುಕಲಿಲ್ಲ, ಒದ್ದಾಡಲಿಲ್ಲ. ಬಿಸಿಲಿಗೆ ಅದರ ಮೈಯಿಂದ ಸಣ್ಣಗೆ ಆವಿ ಏಳುತ್ತಿತ್ತು.

ಹುಡುಗ ಎರಡೂ ಕೈಯಿಂದ ಎತ್ತಿದ. "ಅಜ್ಜಾ, ಥಂಡಗಾರ ಐತಿ!"

"ಆಳದಾಗ ಇರತಾವಲ್ಲ, ಥಂಡೀನ ಇರತಾವ," ಎಂದೆ.

ಅವನು ಅದನ್ನು ತಿರುವಿ ನೋಡಿದ. ಮುಖ ಅರಳಿತು. "ಅಕ್ಕಾ! ಇದು ಪಾಪ್ಲೇಟ! ಆಜೋಬಾ ತರ್ತಾರಲ್ಲ, ಅದಽ! ಸಮುದ್ರದಾಗಿಂದು!"

ದೋಣಿಯವನು ನಿಟ್ಟುಸಿರು ಬಿಟ್ಟು ಆಕಾಶ ನೋಡಿದ. ಅವನು ಇಷ್ಟು ಹೊತ್ತು ಹೇಳಬೇಕೆಂದು ಒದ್ದಾಡಿದ್ದು ಏನೆಂದು ನನಗೆ ಆಗ ತಿಳಿಯಿತು. ಮೀನಿನಲ್ಲೂ ನದಿಯದು ಬೇರೆ, ಸಮುದ್ರದ್ದು ಬೇರೆ ಎಂದು ಯಾರಿಗೆ ಗೊತ್ತು? ಬದನೆಕಾಯಿ ಎಲ್ಲಿ ಬೆಳೆದರೂ ಬದನೆಕಾಯಿಯೇ ಅಲ್ಲವೇ? ಕಿವಿ ಕಾದವು. ಆದರೂ ಸೋಲೊಪ್ಪುವ ಜಾತಿ ನನ್ನದಲ್ಲ.

"ಮೊನ್ನೆ ಮ್ಯಾಲಿಂದ ನೀರ ಬಿಟ್ಟಾರಲ್ಲ, ಕೊಯ್ನಾ ಡ್ಯಾಮಿನಿಂದ? ಆ ನೀರಿನ ಜೋಡಿ ಬಂದಿರಬೇಕು," ಎಂದೆ.

ಮೊಮ್ಮಗಳು ತಣ್ಣಗೆ ಹೇಳಿದಳು: "ಅಜ್ಜಾ, ಕೊಯ್ನಾದಾಗ ಸಮುದ್ರ ಇಲ್ಲ. ಕೃಷ್ಣಾ ಸಮುದ್ರಕ್ಕ ಸೇರೂದು ಆ ಕಡೆ, ಆಂಧ್ರದಾಗ."

"ಹಾಂ, ಹಂಗಾರ ಅಲ್ಲಿಂದಽ ಏರಿ ಬಂದೈತಿ. ಸೂಟಿಗೆ ತವರಮನಿಗೆ ಬಂದೈತಿ. ಬರಬಾರದೇನು?"

ತವರುಮನೆ ಎಂದಾಗ ನನ್ನ ದನಿ ಯಾಕೋ ಒಡೆಯಿತು. ತಮ್ಮ ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಅವನ ಕಾಲು ತುಳಿದದ್ದನ್ನು ನಾನು ನೋಡಿದೆ.

"ಬರಬಹುದು," ಎಂದಳು.

ದಂಡೆಗೆ ಬಂದಮೇಲೆ ದೋಣಿಯವನ ಹೆಂಡತಿ ಅದನ್ನು ಕತ್ತರಿಸಿ ಖಾರ ಹಚ್ಚಿ ಹುರಿದುಕೊಟ್ಟಳು. ಮಕ್ಕಳು ಅವಳ ಅಂಗಳದಲ್ಲಿ ಕೂತು ಬೆರಳು ನೆಕ್ಕಿ ನೆಕ್ಕಿ ತಿಂದರು. ನಾನೂ ನನ್ನ ಹೆಂಡತಿಯೂ ದೂರದ ಬೇವಿನ ಮರದ ಕೆಳಗೆ ಗಾಳಿಯ ದಿಕ್ಕು ನೋಡಿ ಕೂತೆವು. "ಸತ್ತದ್ದನ್ನ ತಂದೀರಿ, ಹೌದಲ್ಲ?" ಎಂದಳು ಅವಳು. ಹೌದೆಂದೆ. "ಚಲೋ ಆತು ಬಿಡ್ರಿ. ಹೊಳೀದು ಒಂದೂ ಸಾಯಲಿಲ್ಲ," ಎಂದು ಸಮಾಧಾನದಿಂದ ಸೆರಗು ಬೀಸಿಕೊಂಡಳು.

ಸಮಾಧಾನ ನನಗಿರಲಿಲ್ಲ. ಮೀನು ಸಿಕ್ಕರೆ ಇರುತ್ತೇವೆ ಎಂಬುದು ಮಾತು. ಇದು ಸಿಕ್ಕ ಮೀನಲ್ಲವೆಂದು ಹೆಂಡತಿಗೂ ಮೊಮ್ಮಕ್ಕಳಿಬ್ಬರಿಗೂ ಗೊತ್ತು, ದೋಣಿಯವನಿಗೆ ಎಲ್ಲರಿಗಿಂತ ಮೊದಲೇ ಗೊತ್ತು. ಮನೆಗೆ ಬಂದು ನೋಡಿದರೆ ಮೊಮ್ಮಗಳು ಬಟ್ಟೆ ಮಡಚಿ ಬ್ಯಾಗಿನಲ್ಲಿ ಇಡುತ್ತಿದ್ದಳು. ನಾನು ಮಾವಿನಕಾಯಿಯ ಹುಲ್ಲು ಸರಿಸಿ, ಸ್ವಲ್ಪ ಬಣ್ಣ ತಿರುಗಿದವನ್ನು ಆರಿಸಿ ಬುಟ್ಟಿಗೆ ತುಂಬಿದೆ, ಮಾಲವಣದಲ್ಲಾದರೂ ಹಣ್ಣಾಗಲಿ ಎಂದು.

ಆದಿತ್ಯವಾರ ಬೀಗರು ಹೇಳಿದ ಹೊತ್ತಿಗೇ ಬಂದರು. ಕಾರಿನ ಮೇಲೆ ಹೊಸ ಗಾಳದ ಕೋಲುಗಳನ್ನು ಕಟ್ಟಿಸಿದ್ದರು. ಚಹಾ ಕುಡಿಯುತ್ತಲೇ "ಚಲಾ ಚಲಾ, ನಡೀರಿ" ಎಂದು ಮಕ್ಕಳನ್ನು ಕರೆದರು. ಮೊಮ್ಮಗಳು ಹೊರಗೆ ಬಂದಳು, ಕೈಯಲ್ಲಿ ಬ್ಯಾಗಿರಲಿಲ್ಲ. ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದಳು: "ಆಜೋಬಾ, ನಾವು ಬರುವುದಿಲ್ಲ. ಮಾಲವಣ ದೀಪಾವಳಿಗೆ. ಇಲ್ಲಿ ನಮ್ಮ ಅಜ್ಜನ ನದಿಯಲ್ಲೇ ಪಾಪ್ಲೇಟ ಸಿಗುತ್ತದೆ. ನಿನ್ನೆ ತಮ್ಮ ಹಿಡಿದ."

ಬೀಗರು ಚಹಾದ ಬಸಿ ಕೆಳಗಿಟ್ಟರು. ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಮೊಮ್ಮಗ ತುಟಿ ಬಿಗಿದುಕೊಂಡು ನಿಂತಿದ್ದ. ಅಕ್ಕ ಅವನಿಗೆ ಏನು ಹೇಳಿ ಹೆದರಿಸಿದ್ದಳೋ! ಬೀಗರು ನಗಬಹುದಿತ್ತು. ಊರೆಲ್ಲ ಕೇಳುವಂತೆ ನಗುವ ಮನುಷ್ಯ, ನಗಲಿಲ್ಲ. "ಪಾಪ್ಲೇಟ? ಭಾರೀ ನದಿ ಐತಲ್ಲ ನಿಮ್ಮದು, ಬೀಗರ," ಎಂದರು ಗಂಭೀರವಾಗಿ. ಆಮೇಲೆ ತಾವೇ ಹೊರಗೆ ಹೋಗಿ, ಕಾರಿನ ಮೇಲಿನ ಹೊಸ ಕೋಲುಗಳನ್ನು ಬಿಚ್ಚಿ ನಮ್ಮ ಪಡಸಾಲೆಯ ಮೂಲೆಗೆ ಒರಗಿಸಿದರು. ಅವರ ಕಾರು ಖಾಲಿಯಾಗಿ ತಿರುಗಿ ಹೋಗುವುದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಖುಷಿಯಾಯಿತು, ಆದರೆ ಕಾರಿನ ಹಿಂದಿನ ಸೀಟು ನೋಡಿ, ಮಾವಿನಕಾಯಿಯ ಬುಟ್ಟಿಯನ್ನಾದರೂ ಅಲ್ಲಿ ಇಡಬೇಕಿತ್ತು ಎನಿಸಿತು. ಒಳ್ಳೆಯ ಮನುಷ್ಯರ ಜೊತೆ ಇದೇ ತಾಪತ್ರಯ.

ಮಧ್ಯಾಹ್ನ ಮೊಮ್ಮಗಳು ನನ್ನ ಮಂಚದ ತುದಿಗೆ ಬಂದು ಕೂತಳು. ಸುತ್ತಲೂ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಿವಿಯ ಹತ್ತಿರ ಬಾಯಿ ತಂದಳು.

"ಅಜ್ಜಾ, ಮುಂದಿನ ವರ್ಷ ತರೂದಿದ್ರ ರೋಹು ತಾ. ಅದು ನದ್ಯಾಗಿಂದು. ಹೊಟ್ಟಿ ದುಂಡಗ ಇರತೈತಿ, ಮೈಮ್ಯಾಲ ದೊಡ್ಡ ದೊಡ್ಡ ಪೊರಿ ಇರತಾವ. ಹೆಸರ ಹೇಳಿ ತಗೋ, ಮಾರುವಾಕಿ ಕೊಡ್ತಾಳ."

ನಾನು ಗೋಣು ಹಾಕಿದೆ. ಅವಳು ಅದರ ಹೊಟ್ಟೆ, ಪೊರೆ, ಕಿವಿರು ಎಲ್ಲವನ್ನೂ ಬೆರಳಿನಿಂದ ಹಾಸಿಗೆಯ ಮೇಲೆ ಬರೆದು ತೋರಿಸಿದಳು. ಒಂದೂ ನನ್ನ ತಲೆಗೆ ಹೋಗಲಿಲ್ಲ. ಮುಂದಿನ ವರ್ಷ ಎಂದದ್ದೊಂದೇ ಕೇಳಿಸಿತ್ತು. ಕಣ್ಣು ಒರೆಸಿಕೊಂಡು, "ಇನ್ನೊಮ್ಮೆ ಹೇಳವ್ವಾ," ಎಂದೆ.